ತಲೆ ನೋಡದೆ ಕೊಟ್ಟ ಎಣ್ಣೆ

ನನಗೆ ಸಿಟ್ಟು ಬರಿಸುವುದು ಬಹಳ ಸುಲಭ. ಹಸಿರು ಮುಚ್ಚಳದ ಒಂದು ಎಣ್ಣೆ ಬಾಟಲಿಯನ್ನು ತಂದು ಮುಂದಿಟ್ಟರೆ ಸಾಕು. ಅದರ ಮೇಲೆ ಮೊಣಕಾಲಿನವರೆಗೆ ಕೂದಲು ಬಿಟ್ಟುಕೊಂಡು ನಗುತ್ತ ನಿಂತ ಹುಡುಗಿ, ಅವಳ ಸುತ್ತ ಹಾರಾಡುವ ಎಲೆಗಳು, ಕೆಳಗೆ ದಪ್ಪ ಅಕ್ಷರದಲ್ಲಿ ‘ಇಪ್ಪತ್ತೊಂದು ಗಿಡಮೂಲಿಕೆಗಳ ಸಾರ’. ಇಪ್ಪತ್ತೊಂದಂತೆ! ಇಷ್ಟೊಂದು ಸೊಪ್ಪು ಕುದಿಸಿದ್ದರೆ ಎಣ್ಣೆ ಕನ್ನಡಕದ ಗಾಜಿನ ಹಾಗೆ ತಿಳಿಯಾಗಿ ಯಾಕಿದೆ ಎಂದು ಒಬ್ಬರಾದರೂ ಕೇಳಬೇಡವೇ? ಕೇಳುವುದಿಲ್ಲ. ಚಿತ್ರ ನೋಡಿ ಕೊಂಡುಕೊಳ್ಳುತ್ತಾರೆ. ನಾನು ಬೆಳಗಾವಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ಇಂಥದ್ದನ್ನು ನೋಡಿದರೆ ಕೈಯಲ್ಲಿ ಸೀಮೆಸುಣ್ಣದ ಕಡ್ಡಿ ಇರದಿದ್ದರೂ ಎಸೆಯಬೇಕು ಅನ್ನಿಸುತ್ತದೆ.

ನನ್ನ ತವರು ಖಾನಾಪುರ. ಅವ್ವ ಅಲ್ಲೇ ತಮ್ಮನ ಮನೆಯಲ್ಲಿದ್ದಾಳೆ. ಎಂಬತ್ತರ ಹತ್ತಿರ ಬಂದರೂ ಇವತ್ತಿಗೂ ಎಣ್ಣೆ ಕಾಸುವವಳು ಅವಳೇ, ಸೊಸೆಗೆ ಸೌಟು ಮುಟ್ಟಲು ಕೊಡುವುದಿಲ್ಲ. ಮಳೆ ನಿಂತು ಗದ್ದೆಯ ಬದುವಿನಲ್ಲಿ ಇನ್ನೂ ತೇವವಿರುವಾಗ ಗರಗದ ಸೊಪ್ಪು ಸಿಗುತ್ತದೆ. ಖಾನಾಪುರದಲ್ಲಿ ಮರಾಠಿಯವರು, ಕನ್ನಡದವರು ಎನ್ನದೆ ಎಲ್ಲರೂ ಅದನ್ನು ಮಾಕಾ ಅನ್ನುತ್ತಾರೆ. ಅದನ್ನು ಅರೆದು ರಸ ಹಿಂಡಿ, ಹಿತ್ತಲ ದಾಸವಾಳ, ಕರಿಬೇವು, ನೆನೆಸಿದ ಮೆಂತ್ಯ, ಒಂದಿಷ್ಟು ನೆಲ್ಲಿಕಾಯಿ ಸೇರಿಸಿ, ಗಾಣದ ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಕಬ್ಬಿಣದ ಕಡಾಯಿಯಲ್ಲಿ ಸಣ್ಣ ಉರಿಯ ಮೇಲೆ ಇಡುತ್ತಾಳೆ. ಕೊನೆಗೆ ಒಂದು ಸೌಟು ಔಡಲ ಎಣ್ಣೆ. ಕಡಾಯಿಯ ಸದ್ದು ಕೇಳುತ್ತ ಕೂರುವುದೇ ಅದರ ಕೆಲಸ. ಚಟಪಟ ಪೂರ್ತಿ ನಿಂತರೆ ಸೊಪ್ಪಿನ ನೀರು ಹೋಯಿತೆಂದು ಅರ್ಥ, ಇಲ್ಲದಿದ್ದರೆ ಹದಿನೈದು ದಿನದಲ್ಲಿ ಎಣ್ಣೆಗೆ ಕಮಟು ವಾಸನೆ ಬರುತ್ತದೆ. ಎಣ್ಣೆ ಬಿಟ್ಟರೆ ಐದೇ ಸಾಮಾನು, ಅಷ್ಟಕ್ಕೇ ಅದು ಕಪ್ಪುಹಸಿರಾಗುತ್ತದೆ.

ಆ ಎಣ್ಣೆಯನ್ನು ಅವ್ವ ಮಾರುವುದಿಲ್ಲ. ಬೇಕಾದವರು ತೊಳೆದು ಒಣಗಿಸಿದ ಬಾಟಲಿ ತರಬೇಕು. ಬಾಟಲಿಯ ಜೊತೆ ತಲೆಯನ್ನೂ ತರಬೇಕು. ಇದು ಅವಳ ಕಟ್ಟಳೆ. ಅಂಗಳದಲ್ಲಿ ಮಣೆ ಹಾಕಿ ಕೂರಿಸಿ, ಬಿಸಿಲಿಗೆ ತಲೆ ತಿರುಗಿಸಿ, ಬೈತಲೆ ಬೈತಲೆ ಬಿಡಿಸಿ ನೋಡುತ್ತಾಳೆ. ನೋಡುತ್ತಲೇ ಪ್ರಶ್ನೆ ಕೇಳುತ್ತಾಳೆ. ಈಚೆಗೆ ಜ್ವರ ಬಂದಿತ್ತೇ? ಒದ್ದೆ ತಲೆಯಲ್ಲೇ ಜಡೆ ಹಾಕುತ್ತೀಯಾ? ಯಾರ ಬಾಚಣಿಗೆ? ಮನೆಯಲ್ಲಿ ಬೆಕ್ಕು ಇದೆಯೇ? ಬೆಕ್ಕಿನ ಪ್ರಶ್ನೆ ಬಂದಾಗ ನಾವು ಮಕ್ಕಳು ಬಾಗಿಲ ಹಿಂದೆ ನಿಂತು ಕಿಸಿಕಿಸಿ ನಗುತ್ತಿದ್ದೆವು. ತಾಲ್ಲೂಕು ಕಚೇರಿಯ ಸಾಹೇಬರ ಹೆಂಡತಿ ಆಳಿನ ಕೈಯಲ್ಲಿ ಬಾಟಲಿ ಕಳಿಸಿದಾಗ ಅವ್ವ ಖಾಲಿ ಬಾಟಲಿಯನ್ನೇ ವಾಪಸು ಕಳಿಸಿದ್ದಳು. “ಆಕೀ ತಲಿ ಕಳಸಂತ ಹೇಳಪಾ” ಎಂದಿದ್ದಳು. ಮರುದಿನ ಆ ಹೆಂಗಸು ರೇಷ್ಮೆ ಸೀರೆಯಲ್ಲಿ ಬಂದು ನಮ್ಮ ಅಂಗಳದ ಮಣೆಯ ಮೇಲೆ ಕೂತರು. ಪುಣೆಯಲ್ಲಿರುವ ಮಗಳಿಗೆಂದು ಕೇಳಿ ಬಂದವರಿಗೂ ಅವ್ವ ಕೊಟ್ಟವಳಲ್ಲ. ಆಕೆ ರಜೆಗೆ ಬಂದಾಗ ಕರೆದುಕೊಂಡು ಬನ್ನಿ ಎಂದುಬಿಡುತ್ತಿದ್ದಳು. ಇವಳದೇನು ಹಟ, ಎಣ್ಣೆಯೋ ಇಂಜೆಕ್ಷನ್ನೋ ಎಂದು ನನಗೆ ನಾಚಿಕೆಯಾಗುತ್ತಿತ್ತು.

ಮದುವೆಯಾಗಿ ಬೆಳಗಾವಿಯ ಮಹಾಂತೇಶ ನಗರಕ್ಕೆ ಬಂದ ಮೇಲೆ ವರ್ಷಕ್ಕೆ ನಾಲ್ಕು ಬಾಟಲಿ ನನಗೆ ಬರುತ್ತಿತ್ತು. ನನ್ನ ತಲೆ ಅವಳು ನೋಡಿದ ತಲೆಯೇ. ನನ್ನ ಕೂದಲು ಇನ್ನೂ ದಟ್ಟವಾಗಿದೆ, ಸ್ಟಾಫ್ ರೂಮಿನಲ್ಲಿ ಎಲ್ಲರೂ ಗುಟ್ಟು ಕೇಳುತ್ತಾರೆ. ಕೇಳಿದಾಗಲೆಲ್ಲ ನಾನು ಉಬ್ಬಿಹೋಗುತ್ತಿದ್ದೆ. ಅವ್ವನ ಎಣ್ಣೆ ಎಂದರೆ ನನ್ನದೇ ಸಾಧನೆ ಎಂಬ ಹಾಗೆ ಭಾಷಣ ಬಿಗಿಯುತ್ತಿದ್ದೆ.

ಹೋದ ವರ್ಷ ದಸರೆ ರಜೆಗೆ ತುಸು ಮುಂಚೆ ಪಕ್ಕದ ಮನೆಯಾಕೆ ಕಂಪೌಂಡಿನ ಹತ್ತಿರ ಬಂದು ನಿಂತಳು. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಮೆತ್ತಗಿನ ಹೆಂಗಸು. ಬೆನ್ನ ಹಿಂದೆ ಅವಳ ಮಗಳು. ಏಳನೇ ಕ್ಲಾಸು, ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡು ಶಾಲೆಗೆ ಓಡುವ ಹುಡುಗಿ. ಅವತ್ತು ತಲೆಗೆ ಅಮ್ಮನ ಓಢಣಿ ಸುತ್ತಿಕೊಂಡಿದ್ದಳು. ತಾಯಿಯ ಕೈಯಲ್ಲಿ ಅದೇ ಹಸಿರು ಮುಚ್ಚಳದ ಬಾಟಲಿ.

“ಅಕ್ಕಾರ, ನಮ್ಮ ಹುಡುಗೀದು ಕೂದ್ಲ ಭಾಳ ಉದರಾಕತ್ತಾವ್ರಿ. ಇದನ್ನ ತಂದೇನಿ, ಚಲೋ ಐತೇನ್ರಿ? ನಾಳಿ ನೆಹರು ನಗರದ ದವಾಖಾನ್ಯಾಗೂ ಒಮ್ಮೆ ತೋರಿಸಬೇಕಂತ ಮಾಡೇನ್ರಿ.”

ಬಾಟಲಿ ನೋಡಿದ್ದೇ ನನ್ನ ಮೈ ಉರಿಯಿತು. ದವಾಖಾನೆ ಎಂದಿದ್ದಕ್ಕೆ ಇನ್ನಷ್ಟು ಉರಿಯಿತು.

“ಕೂದ್ಲ ಉದರಿದ್ರ ದವಾಖಾನಿ ಏನ್ರೀ? ನಾಳಿ ಉಗುರು ಮುರದ್ರ ಆಪರೇಶನ್ ಮಾಡಸ್ತೀರೇನು?” ಎಂದೆ. ಅವಳ ಕೈಯಿಂದ ಬಾಟಲಿ ಕಸಿದು ನಮ್ಮ ಗೇಟಿನ ಕಸದ ಡಬ್ಬಿಗೆ ಹಾಕಿದೆ. ಖರೇ ಹೇಳುತ್ತೇನೆ, ಅವಳು ಕೊಂಡ ಬಾಟಲಿಯನ್ನು ಅವಳ ಕಣ್ಣೆದುರಿಗೇ ಹಾಕಿದೆ. ಒಳಗೆ ಹೋಗಿ ಅವ್ವನ ಎಣ್ಣೆಯ ತುಂಬಿದ ಬಾಟಲಿ ತಂದು ಕಂಪೌಂಡಿನ ಮೇಲಿಂದಲೇ ಚಾಚಿದೆ. “ದಿನಾ ಸಂಜಿಕೆ ಹಚ್ಚಿ ಬುಡಕ್ಕ ಇಳಿಯೂ ಹಂಗ ತಿಕ್ಕ್ರಿ. ಎರಡ ತಿಂಗಳದಾಗ ಜಡಿ ಹಿಡಿಯಾಕ ಎರಡ ಕೈ ಬೇಕಾಗ್ತಾವ ನೋಡ್ರಿ” ಎಂದೆ.

ಹುಡುಗಿ ಓಢಣಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು. ನಾಚಿಕೆ ಎಂದುಕೊಂಡೆ. ಗೇಟು ತೆಗೆದು ಹೋಗಿ ಆ ಬಟ್ಟೆ ಸರಿಸಿ ನೋಡಲು ಹತ್ತು ಹೆಜ್ಜೆ ಸಾಕಿತ್ತು.

ವಾರವಾದ ಮೇಲೆ ತಾಯಿ ಮತ್ತೆ ಕಂಡಳು. “ಸ್ವಲ್ಪ ಕೆರತ ಐತ್ರಿ ಅಕ್ಕಾರ. ಗುಳ್ಳಿನೂ ಎದ್ದಾವು. ಎಣ್ಣಿ ಬಿಡಬೇಕೇನ್ರಿ?” ಎಂದು ಕೇಳಿದಳು. ನಾನು ಎಲ್ಲ ತಿಳಿದವಳ ಹಾಗೆ ನಕ್ಕು, “ಅದು ಒಳಗಿನ ಉಷ್ಣ ಹೊರಗ ಬರೂದ್ರಿ. ಚಲೋನ ಆತು. ಇನ್ನಷ್ಟು ಜೋರ್ ತಿಕ್ಕ್ರಿ” ಎಂದೆ. ಎಲ್ಲಿಂದ ಕಲಿತೆ ನಾನು ಇದನ್ನು? ಅವ್ವ ಯಾವತ್ತೂ ಹಾಗೆ ಹೇಳಿದವಳಲ್ಲ. ಬಾಯಿಗೆ ಬಂತು, ಹೇಳಿದೆ. ಆಕೆ ನಂಬಿದಳು. ನಾನು ಟೀಚರು, ವಯಸ್ಸಿನಲ್ಲಿ ದೊಡ್ಡವಳು, ಮೇಲಾಗಿ ದಟ್ಟ ಕೂದಲಿನವಳು.

ರಜೆ ಶುರುವಾದಾಗ ಅವ್ವ ಖಾನಾಪುರದಿಂದ ಬಸ್ಸು ಹತ್ತಿ ಬಂದಳು. ಚೀಲದಲ್ಲಿ ಹೊಸ ಎಣ್ಣೆಯ ಬಾಟಲಿಗಳು. ಚಹಾ ಕುಡಿದು ಮೆಟ್ಟಿಲ ಮೇಲೆ ಬಿಸಿಲು ಕಾಯುತ್ತ ಕೂತಿದ್ದಾಗ ಪಕ್ಕದ ಮನೆಯ ಬೂದು ಬಣ್ಣದ ಬೆಕ್ಕಿನ ಮರಿ ನಮ್ಮ ಅಂಗಳಕ್ಕೆ ಜಿಗಿಯಿತು. ಹಿಂದೆಯೇ ಹುಡುಗಿ ಓಡಿ ಬಂದಳು, ತಲೆಗೆ ಅದೇ ಓಢಣಿ.

“ಬಾ ಯವ್ವಾ ಇಲ್ಲಿ. ಇಂಥಾ ಬಿಸಿಲಾಗ ತಲಿಗೆ ಯಾಕ ಅರಿವಿ ಸುತಗೊಂಡಿ?” ಎಂದು ಅವ್ವ ಅವಳನ್ನು ತನ್ನ ಕೆಳಗಿನ ಮೆಟ್ಟಿಲಿಗೆ ಕೂರಿಸಿಕೊಂಡಳು. ಬಟ್ಟೆ ಬಿಚ್ಚಿದಳು. ನಾನು ಒಳಗಿನಿಂದ ಅವಲಕ್ಕಿ ತಟ್ಟೆ ಹಿಡಿದು ಬರುತ್ತಿದ್ದೆ, ಬಾಗಿಲಲ್ಲೇ ನಿಂತೆ. ಕಿವಿಯ ಮೇಲೆ, ಅಂಗೈ ಅಗಲ, ಕೂದಲಿರಲಿಲ್ಲ. ಇದ್ದ ಕೆಲವು ಬುಡಕ್ಕೇ ಮುರಿದಿದ್ದವು. ಚರ್ಮ ಉಬ್ಬಿ ಕೆಂಪಾಗಿ ನಡುವೆ ಕೀವು ಒಸರುತ್ತಿತ್ತು. ಅದರ ಮೇಲೆಲ್ಲ ಎಣ್ಣೆ ಫಳಫಳ ಹೊಳೆಯುತ್ತಿತ್ತು.

ಅವ್ವನ ಕೈ ನಿಂತುಹೋಯಿತು. “ಈ ಬೆಕ್ಕ ನಿಮ್ಮದೇನು?” ಎಂದು ಕೇಳಿದಳು.

“ಹೂಂ ಅಜ್ಜಿ.”

“ಎಲ್ಲಿ ಮಕ್ಕೋತೈತಿ?”

“ನನ್ನ ದಿಂಬಿನ ಮ್ಯಾಲ.”

“ಈ ಗಾಯಕ್ಕ ಏನ್ ಹಚ್ಚೀರವ್ವಾ?”

ಹುಡುಗಿ ಅಂಜದೆ, ನನ್ನ ಕಡೆ ಕೈ ಮಾಡಿ, ಹೆಮ್ಮೆಯಿಂದಲೇ ಹೇಳಿದಳು. “ನಿಮ್ಮ ಎಣ್ಣೀನ ಅಜ್ಜಿ. ಮೌಶಿ ಕೊಟ್ಟಾರ. ಉರಿತೈತಿ, ಆದ್ರೂ ನಾ ದಿನಾ ತಿಕ್ಕಿಸ್ಕೋತೇನಿ.”

ಅವ್ವ ತಿರುಗಿ ನನ್ನನ್ನು ನೋಡಿದಳು. “ತಲಿ ನೋಡಿ ಕೊಟ್ಟಿಯೇನು?”

ಅಷ್ಟಾದರೂ ನನ್ನ ಸಿಟ್ಟು ಬಗ್ಗಲಿಲ್ಲ ನೋಡಿ. “ಎಣ್ಣಿ ಏನ್ ವಿಷ ಏನಬೇ? ನೀನ ಕಾಸಿದ್ದಲ್ಲ?” ಎಂದು ಬಿಟ್ಟೆ.

“ನಾ ಕಾಸಿದ್ದು ಕೂದಲಿಗೆ. ನೀ ಹಚ್ಚಿಸಿದ್ದು ಹುಣ್ಣಿಗೆ. ಮೊದಲ ಇದನ್ನ ಡಾಕ್ಟರಿಗೆ ತೋರಸು, ಆಮ್ಯಾಲ ನನ್ನ ಜೋಡಿ ಜಗಳಾಡು” ಎಂದು ಅವ್ವ ಚಪ್ಪಲಿ ಮೆಟ್ಟಿಕೊಂಡಳು.

ಹುಡುಗಿಯ ತಾಯಿಯನ್ನೂ ಕರೆದುಕೊಂಡು ಆಟೋದಲ್ಲಿ ನೆಹರು ನಗರಕ್ಕೆ ಹೋದೆವು, ನಾವು ಮೂವರು ಹೆಂಗಸರು, ನಡುವೆ ಹುಡುಗಿ. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವಳು. ಗ್ಲೌಸು ಹಾಕಿಕೊಂಡು ನೋಡಿ, ಬೆಕ್ಕು ಇದೆಯೇ ಎಂದು ಅವಳೂ ಕೇಳಿದಳು. ನನಗೆ ಭೂಮಿಗಿಳಿದ ಹಾಗಾಯಿತು. ಬೆಕ್ಕಿನಿಂದ ಹತ್ತಿದ ಗಜಕರ್ಣದ ಜಾತಿಯ ಸೋಂಕು ಎಂದಳು. ಗುಳಿಗೆಯನ್ನು ವಾರಗಟ್ಟಲೆ ತಗೋಬೇಕು, ಎಣ್ಣೆ ಪೂರ್ತಿ ಬಂದ್, ದಿಂಬಿನ ಚೀಲ ಬಿಸಿನೀರಿನಲ್ಲಿ ತೊಳೆಯಬೇಕು, ಬೆಕ್ಕಿಗೂ ಔಷಧ ಹಾಕಿಸಬೇಕು ಎಂದಳು. ಸುತ್ತಲಿನ ಕೂದಲು ಬರುತ್ತವೆ, ಕೀವಾದ ನಡುವಿನ ಜಾಗದಲ್ಲಿ ಬೇರು ಉಳಿದಿದೆಯೋ ಇಲ್ಲವೋ ಈಗಲೇ ಹೇಳಲಾಗದು ಎಂದಳು. ಕೊನೆಗೆ, “ಗುಳ್ಳಿ ಎದ್ದಾಗನ ಯಾಕ ಬರಲಿಲ್ರಿ? ಅವಾಗ ಬಂದಿದ್ರ ಇಷ್ಟ ಆಗತಿರಲಿಲ್ಲ” ಎಂದು ತಾಯಿಯನ್ನು ಕೇಳಿದಳು.

ಆಕೆ ನನ್ನತ್ತ ಬೆರಳು ತೋರಿಸಬಹುದಿತ್ತು. ತೋರಿಸಬೇಕಿತ್ತು. ನಾನು ಅದಕ್ಕಾಗಿಯೇ ಕಾಯುತ್ತ ನಿಂತಿದ್ದೆ. ಆಕೆ ತಲೆ ತಗ್ಗಿಸಿ, “ನಮಗ ತಿಳೀಲಿಲ್ರಿ” ಎಂದಳು. ಆ ಒಳ್ಳೆಯತನದ ಮೇಲೂ ನನಗೆ ಕೋಪ ಬಂತು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಾನಾದರೂ ಬಾಯಿ ಬಿಟ್ಟೆನೇ? ಕ್ಲಾಸಿನಲ್ಲಿ ಒಂದು ಹೆಜ್ಜೆ ಬಿಟ್ಟು ಲೆಕ್ಕ ಮಾಡಿದ ಮಕ್ಕಳನ್ನು ನಿಲ್ಲಿಸಿ ಮಂಗಳಾರತಿ ಎತ್ತುವವಳು ಆ ಡಾಕ್ಟರ ಮುಂದೆ ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತೆ. ಅವ್ವನೇ ಹೇಳಿದಳು. “ಆಕೀದಲ್ರೀ ತಪ್ಪು. ನಮ್ಮ ಮನೀದು. ತಲಿ ನೋಡದ ಎಣ್ಣಿ ಕೊಟ್ಟೇವಿ.”

ನಮ್ಮ ಮನೀದು ಎಂದಳು, ನನ್ನ ಮಗಳದು ಎನ್ನಲಿಲ್ಲ. ಹುಡುಗಿ ಅವ್ವನ ಸೆರಗು ಹಿಡಿದುಕೊಂಡು ಎಲ್ಲರ ಮುಖ ನೋಡುತ್ತಿದ್ದಳು.

ಎರಡು ದಿನ ಬಿಟ್ಟು ಅವ್ವ ಊರಿಗೆ ಹೊರಟಳು. ನನಗೆಂದು ತಂದ ಬಾಟಲಿಗಳನ್ನು ಒಂದೊಂದಾಗಿ ಮತ್ತೆ ಚೀಲಕ್ಕೆ ತುಂಬಿದಳು. ನಾನು ನೋಡುತ್ತ ನಿಂತೆ.

“ಅವ್ವಾ, ಅವು ನನ್ನವಲ್ಲೇನು?”

“ಅಲ್ಲ. ಬೇಕಾದ್ರ ಖಾನಾಪುರಕ್ಕ ಬಾ. ಮಣಿ ಮ್ಯಾಲ ಕುಂದ್ರು. ನಿನ್ನ ತಲಿ ನೋಡಿ, ನಿನ್ನ ತಲಿಗೆ ಎಷ್ಟ ಬೇಕೋ ಅಷ್ಟ ಕೊಡ್ತೇನಿ. ಮಂದಿಗೆ ಹಂಚಾಕ ಕೊಡೂದಿಲ್ಲ.”

ನನಗೆ ಐವತ್ತೆರಡು. ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದವಳು. ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರುವ ದಾರಿಯುದ್ದಕ್ಕೂ ಸಿಟ್ಟಿನಿಂದ ಅಳು ಬಂತು. ಆ ಮುದುಕಿಗೆ ಎಷ್ಟು ಸೊಕ್ಕು ಎಂದೂ ಬೈದುಕೊಂಡೆ. ಆದರೆ ಮುಂದಿನ ತಿಂಗಳೇ ಖಾನಾಪುರಕ್ಕೆ ಹೋಗಿ ಮಣೆಯ ಮೇಲೆ ಕೂತೆ. ತಮ್ಮನ ಹೆಂಡತಿ ಬಾಗಿಲ ಹಿಂದೆ ನಿಂತು ನಗುತ್ತಿದ್ದುದು ನನಗೆ ಕೇಳಿಸಿತು.

ಅದಾದ ಕೆಲ ದಿನಕ್ಕೆ ಪೇಟೆಯ ಅಂಗಡಿಯೊಂದರಲ್ಲಿ ಅದೇ ಹಸಿರು ಮುಚ್ಚಳದ ಬಾಟಲಿ ಕಂಡಿತು. ಹಳೇ ಚಾಳಿ, ಬೈಯಲೆಂದೇ ಕೈಗೆ ತಗೊಂಡೆ. ಹಿಂಬದಿಯಲ್ಲಿ ಇರುವೆಯಂಥ ಅಕ್ಷರದ ಸಾಲುಗಳು. ಕನ್ನಡಕ ಹಾಕಿ ಓದಿದೆ. ನೆತ್ತಿಯಲ್ಲಿ ಗಾಯ ಅಥವಾ ಹುಣ್ಣು ಇದ್ದರೆ ಬಳಸಬೇಡಿ, ವೈದ್ಯರನ್ನು ಕಾಣಿ ಎಂದಿತ್ತು. ಇಪ್ಪತ್ತೊಂದು ಗಿಡಮೂಲಿಕೆಯ ಸುಳ್ಳಿನ ನಡುವೆ ಆ ಒಂದು ಸಾಲು ಖರೇ ಇತ್ತು, ಅದನ್ನು ನಾನು ಕಸದ ಡಬ್ಬಿಗೆ ಹಾಕಿದ್ದೆ. ಹಾಗಂತ ಆ ಕಂಪನಿಯ ಮೇಲಿನ ಸಿಟ್ಟು ಇಳಿದಿಲ್ಲ. ಓದಲಾಗದ ಹಾಗೆ ಬರೆಯುವುದು ಎಂಥ ಬುದ್ಧಿ? ಆದರೆ ನಾನು ಕೊಟ್ಟ ಬಾಟಲಿಯ ಮೇಲೆ ಅಷ್ಟೂ ಇರಲಿಲ್ಲ. ಅಂಗಡಿಯವನು “ತಗೋತೀರೇನ್ರಿ?” ಎಂದು ಎರಡು ಸಲ ಕೇಳಿದ ಮೇಲೆ ಕೆಳಗಿಟ್ಟು ಬಂದೆ.

ಗುಳಿಗೆ ಮುಗಿದವು. ಸುತ್ತಲೂ ಕೂದಲು ಬಂತು, ಮೊದಲು ಮೆತ್ತಗೆ, ಆಮೇಲೆ ದಪ್ಪಗೆ. ಬೆಕ್ಕಿನ ಮರಿ ಈಗ ದೊಡ್ಡದಾಗಿದೆ, ಹೊರಗಿನ ಗೋಣಿಚೀಲದ ಮೇಲೆ ಮಲಗುತ್ತದೆ. ಪ್ರತಿ ಭಾನುವಾರ ತಲೆ ತೊಳೆದು ಒಣಗಿದ ಮೇಲೆ ಹುಡುಗಿ ಬಾಚಣಿಗೆ, ಕೆಂಪು ರಿಬ್ಬನ್ ಹಿಡಿದುಕೊಂಡು ನಮ್ಮ ಮೆಟ್ಟಿಲಿಗೆ ಬರುತ್ತಾಳೆ. ಹಾಗೆ ಮಾಡೆಂದು ಹೇಳಿ ಹೋದವಳು ಅವ್ವ. “ನಿಮ್ಮ ಮೌಶಿಗೆ ತೋರಸು, ಆಕಿ ನೋಡಲಿ” ಎಂದಿದ್ದಳಂತೆ. ಶಿಕ್ಷೆ ನನಗೆ ಎಂದು ಹುಡುಗಿಗೆ ಗೊತ್ತಿಲ್ಲ.

ಮೊನ್ನೆಯೂ ಬಂದಳು. ನಾನು ಕನ್ನಡಕ ಹಾಕಿಕೊಂಡು, ಅವಳ ತಲೆಯನ್ನು ಬಿಸಿಲಿಗೆ ತಿರುಗಿಸಿ, ಕಿವಿಯ ಮೇಲಿನ ಕೂದಲನ್ನು ಬೈತಲೆ ಬೈತಲೆ ಬಿಡಿಸಿದೆ. ನಡುವೆ ರೂಪಾಯಿ ನಾಣ್ಯದಷ್ಟು ಜಾಗ ಹಾಗೇ ಇದೆ, ಬೆರಳಾಡಿಸಿದರೆ ನುಣ್ಣಗೆ ತಾಗುತ್ತದೆ.

“ಬಂದಾವೇನ್ರಿ ಮೌಶಿ?” ಎಂದಳು, ಕತ್ತು ಅಲುಗಾಡಿಸದೆ.

ಉಷ್ಣ, ಎರಡು ತಿಂಗಳು, ಎರಡು ಕೈ ಎಂದೆಲ್ಲ ಹೇಳಿದ ಬಾಯಿ ಇದು. ಇನ್ನೊಮ್ಮೆ ನೋಡಿದೆ.

“ಇಲ್ಲವ್ವಾ. ಬಂದಿಲ್ಲ.”

ಅವಳು ರಿಬ್ಬನ್ ನನ್ನ ಕೈಗೆ ಕೊಟ್ಟಳು. “ಹಂಗಾರ ಆ ಕಡಿ ಕೂದ್ಲ ಈ ಕಡಿ ತಂದು ಹೆಣೀರಿ. ಸಾಲ್ಯಾಗ ಯಾರಿಗೂ ಕಾಣಬಾರದು” ಎಂದಳು.

ಯಾರಿಗೂ ಕಾಣದ ಹಾಗೆ ಹೆಣೆದುಕೊಟ್ಟೆ.