ನಾಲ್ಕು ಬೆರಳಿನ ಜಾಗ

ಅಜ್ಜಿಯ ಚಾಪೆಗೂ ನನ್ನ ಚಾಪೆಗೂ ನಡುವೆ ನಾಲ್ಕು ಬೆರಳು ಜಾಗ ಇರುತ್ತಿತ್ತು. ಅಜ್ಜಿಯ ಬೆರಳಲ್ಲ, ನನ್ನವು. ಮಲಗುವ ಮುಂಚೆ ಕೈ ಇಟ್ಟು ಅಳೆದು ನೋಡುವುದು ನನ್ನ ಅಭ್ಯಾಸವಾಗಿತ್ತು.

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಇದ್ದದ್ದು ಒಂದು ಕೋಣೆ, ಒಂದು ಅಡುಗೆಮನೆ, ಎರಡರ ಮೇಲೂ ಹಾಸಿದ ಅಟ್ಟ. ಶೆಟ್ಟಿಕೆರೆಯಿಂದ ಸ್ವಲ್ಪ ಒಳಗೆ, ತೆಂಗಿನ ತೋಟದ ಅಂಚಿನಲ್ಲಿ ಅಪ್ಪ ಅದನ್ನು ಕಟ್ಟಿಸಿದ್ದ. ಊರಿನವರು ಅದಕ್ಕೆ ಬೆಂಕಿಪೊಟ್ಟಣ ಎನ್ನುತ್ತಿದ್ದರು. ಅಪ್ಪ, ಅಮ್ಮ, ಅಕ್ಕ, ಅಜ್ಜಿ, ನಾನು, ಐದು ಜನ ಅದರೊಳಗೆ. ಅಟ್ಟದ ತುಂಬ ಕಾಯಿ. ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಗ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಅಲ್ಲಿಯವರೆಗೆ ಅದನ್ನು ಎಸೆಯಬಾರದು, ಕುಕ್ಕಬಾರದು. ಕುಕ್ಕಿದರೆ ಉಂಡೆ ಒಡೆಯುತ್ತದೆ. ಇದು ನನಗೂ ಗೊತ್ತಿತ್ತು.

ಆ ಮನೆಯಲ್ಲಿ ಗುಟ್ಟು ನಿಲ್ಲುತ್ತಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಅಪ್ಪ ಒಲೆಯ ಪಕ್ಕ ಕೂತು ಅಮ್ಮನಿಗೆ ಪಿಸುಗುಟ್ಟಿದ್ದು, ಗೋಡೆಯಾಚೆ ಜಡೆ ಹಾಕಿಸಿಕೊಳ್ಳುತ್ತಿದ್ದ ನನಗೆ ಪೂರ್ತಿ ಕೇಳಿಸಿತು.

"ಅಣ್ಣ ಮಧ್ಯಾಹ್ನ ಕಾರು ತತ್ತಾನಂತೆ, ಅವ್ವನ್ನ ಕರ್ಕೊಂಡೋಗಕ್ಕೆ. ಇನ್ನು ಅಲ್ಲೇ ಇರ್ಲಿ ಅಂತಾನೆ. ನಿನ್ ಬೆಂಕಿಪೊಟ್ಣದಾಗೆ ಕಾಲು ಚಾಚಕ್ಕೂ ಜಾಗ ಇಲ್ಲ ಅಂದ. ನಾನೇನು ಹೇಳ್ಲಿ? ಸುಳ್ಳಾ ಅದು?"

ಅಮ್ಮ ರೊಟ್ಟಿ ತಟ್ಟುವ ಸದ್ದು ನಿಂತಿತು. ನನ್ನ ಜಡೆ ಹೆಣೆಯುತ್ತಿದ್ದ ಅಜ್ಜಿಯ ಕೈಯೂ ಒಂದು ಗಳಿಗೆ ನಿಂತು, ಮತ್ತೆ ಸಾಗಿತು.

ಅಪ್ಪನ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ಚಿಕ್ಕನಾಯಕನಹಳ್ಳಿಯಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸಿದ್ದರು. ಹಿಂದಿನ ವರ್ಷ ಅಜ್ಜಿ ಅಲ್ಲಿ ಒಂದು ತಿಂಗಳು ಇದ್ದು, ಬಲಗಾಲು ಎಳೆಯುತ್ತಾ ವಾಪಸು ಬಂದಿದ್ದಳು. ಬಚ್ಚಲಲ್ಲಿ ಸ್ವಲ್ಪ ಜಾರಿತು ಎಂದಷ್ಟೇ ಹೇಳಿದ್ದಳು.

ಅಪ್ಪ, ಅಮ್ಮ, ಅಕ್ಕ ಒಣಗಿದ ಗರಿ ಎಳೆದು ಹಾಕಲು ತೋಟಕ್ಕೆ ಹೋದರು. ಅಜ್ಜಿ ಜಗಲಿಯ ಮೇಲೆ ಹುರುಳಿ ಆರಿಸುತ್ತಾ ಕೂತಳು. ನಾನೊಬ್ಬಳೇ ಒಳಗೆ ಉಳಿದೆ. ತೊಂದರೆ ಇದ್ದದ್ದು ಜಾಗದ್ದೊಂದೇ. ತಲೆ ಎತ್ತಿ ನೋಡಿದರೆ ಜಾಗವೆಲ್ಲ ಅಟ್ಟದ ಮೇಲಿತ್ತು. ಅರ್ಧ ಅಟ್ಟ ಖಾಲಿಯಾದರೆ ನಾನು ಮೇಲೆ ಮಲಗಬಹುದು, ಕೆಳಗೆ ಅಜ್ಜಿ ಕಾಲು ಚಾಚಬಹುದು.

ಏಣಿ ಹತ್ತಿದೆ. ಮೇಲೆ ಹೊಗೆಯ ವಾಸನೆ, ಹೆಂಚಿನ ಕಾವು, ಸಿಪ್ಪೆಯ ಧೂಳು. ಮೊದಲ ಎಂಟು ಹತ್ತು ಕಾಯಿಗಳನ್ನು ಒಂದೊಂದಾಗಿ ಹಿಡಿದು, ಇಳಿದು, ಮೂಲೆಯಲ್ಲಿ ಮೆಲ್ಲಗೆ ಇಟ್ಟೆ. ಅಷ್ಟರಲ್ಲಿ ದೂರದ ರಸ್ತೆಯಲ್ಲಿ ಹಾರ್ನ್ ಕೇಳಿಸಿತು. ಅದು ಬಸ್ಸು. ಆದರೆ ನನಗೆ ಕಾರೇ ಬಂತೆನಿಸಿತು. ಮೇಲಿನಿಂದಲೇ ಕಾಯಿಗಳನ್ನು ತಳ್ಳತೊಡಗಿದೆ. ಒಂದು ಏಣಿಗೆ ಬಡಿಯಿತು. ಏಣಿ ಗೋಡೆ ಸವರಿಕೊಂಡು ಬಿದ್ದುಹೋಯಿತು.

ಕೆಳಗೆ ನೆಲದ ತುಂಬ ಕಾಯಿ ಉರುಳುತ್ತಿದ್ದವು. ಎಷ್ಟು ಉಂಡೆ ಒಡೆದವೋ ಗೊತ್ತಿರಲಿಲ್ಲ. ಕೂಗಲು ಭಯವಾಯಿತು. ಲಂಗದ ಅಂಚನ್ನು ಬಾಯಿಗೆ ತುರುಕಿಕೊಂಡು ಅತ್ತೆ.

"ಯಾಕೆ ಮಗ, ಅಳ್ತಿದೀಯಾ?" ಜಗಲಿಯಿಂದ ಅಜ್ಜಿಯ ದನಿ.

"ಇಲ್ಲ."

"ಇಲ್ಲ ಅನ್ನೋದ್ನೂ ಅಳ್ತಾನೇ ಅಂತೀಯಲ್ಲೇ. ಕದಲಬ್ಯಾಡ, ಬಂದೆ."

ಏಣಿ ಎತ್ತುವುದು ಅಜ್ಜಿಯಿಂದ ಆಗಲಿಲ್ಲ. ನಾನು ಬಿದ್ದರೆ ಹಿಡಿಯುವವಳಂತೆ ಎರಡೂ ಕೈ ಮೇಲೆತ್ತಿಕೊಂಡು ನಿಂತೇ ಇದ್ದಳು. ದೊಡ್ಡಪ್ಪ ತಲೆ ಬಗ್ಗಿಸಿಕೊಂಡು ಬಾಗಿಲು ದಾಟಿ ಒಳಗೆ ಬಂದಾಗಲೂ ಹಾಗೆಯೇ ನಿಂತಿದ್ದಳು.

"ಏನವ್ವ, ಕಾಯಿ ಇಳ್ಸಕ್ಕೆ ಹೊಸ ಆಳಾ?" ಎಂದು ದೊಡ್ಡಪ್ಪ ಏಣಿ ಎತ್ತಿ ನಿಲ್ಲಿಸಿ ನನ್ನನ್ನು ಇಳಿಸಿಕೊಂಡರು. ತೋಟದಿಂದ ಬಂದ ಅಪ್ಪ ನೆಲ ನೋಡಿ ಕೈ ಎತ್ತಿದವನು, ನನ್ನ ಮುಖ ನೋಡಿ ಇಳಿಸಿದ.

"ಅಜ್ಜಿಗೆ ಜಾಗ ಮಾಡ್ತಿದ್ದೆ," ಎಂದೆ.

"ನೋಡ್ದ್ಯಾ, ಮಗೀಗೂ ಗೊತ್ತಾಗೈತೆ," ದೊಡ್ಡಪ್ಪ ಹೇಳಿದರು. "ಹೊರಡವ್ವ ಇನ್ನು. ನಿಂಗೇ ಅಂತ ಒಂದು ರೂಮು ಮಾಡ್ಸಿವ್ನಿ."

ಅಜ್ಜಿ ಚಾಪೆಯ ಮೇಲೆ ಕೂತು ಕಾಲು ಒತ್ತಿಕೊಂಡಳು. "ನಿನ್ ಮನೆ ದೊಡ್ಡದು ಕಣಪ್ಪ, ಇಲ್ಲ ಅನ್ನಲ್ಲ. ನನ್ ಗಂಟ್ಲು ಸಣ್ಣದು. ಅವತ್ತು ನಿಮ್ಮನೆ ಬಚ್ಚಲಾಗೆ ಬಿದ್ದೆನಲ್ಲ, ಹನ್ನೊಂದರ ಬಸ್ಸು ಹೋಗಿದ್ದು ಕೇಳುಸ್ತು. ಆಮ್ಯಾಕೆ ನೀವೆಲ್ಲ ಉಂಡು ತಟ್ಟೆ ಇಟ್ಟಿದ್ದೂ ಕೇಳುಸ್ತು. ಕೂಗ್ತಾನೇ ಇದ್ದೆ. ಈ ಕೂಸು ಬಾಯಿಗೆ ಬಟ್ಟೆ ತುರುಕ್ಕೊಂಡು ಅತ್ರೂ ಜಗಲಿಗೆ ಕೇಳ್ತು."

ದೊಡ್ಡಪ್ಪ ಅಜ್ಜಿಯ ಬಲಗಾಲಿನತ್ತ ನೋಡಿದರು. "ಹೇಳ್ನೇ ಇಲ್ವಲ್ಲವ್ವ ನೀನು."

"ಹೇಳಿದ್ರೆ ನೀನು ಉಣ್ತಿದ್ದೇನಪ್ಪ?"

ದೊಡ್ಡಪ್ಪ ಕುಕ್ಕರಗಾಲಲ್ಲಿ ಕೂತು ಬಿದ್ದ ಕಾಯಿಗಳನ್ನು ಒಂದೊಂದಾಗಿ ಎತ್ತಿ ಕಿವಿಗೆ ಹಿಡಿದು ನೋಡಿದರು. ಅಂಚಿನಲ್ಲಿದ್ದವು ಕೊನೆಗೆ ಏರಿಸಿದ ಕಾಯಿಗಳಾದ್ದರಿಂದ ಹೆಚ್ಚಿನವು ಇನ್ನೂ ಹಸಿ ಇದ್ದವು, ಬಿದ್ದರೂ ಹಾಳಾಗಿರಲಿಲ್ಲ. ನೀರಿನ ಸದ್ದು ಬಂದವನ್ನು ಒಂದು ಕಡೆ, ಅನುಮಾನದವನ್ನು ಇನ್ನೊಂದು ಕಡೆ ಇಟ್ಟರು. ಅನುಮಾನದವು ಏಳು. ಕಾಫಿ ಕುಡಿದು ಹೊರಡುವಾಗ "ಮುಂದಿನ್ ವಾರ ಬತ್ತೀನಿ, ಯೋಚ್ನೆ ಮಾಡವ್ವ" ಎಂದರು. ಅಜ್ಜಿ "ಹೂಂ" ಎಂದಳು. ಆ ಹೂಂ ಎಂದರೆ ಏನೆಂದು ಯಾರೂ ನನಗೆ ಹೇಳಲಿಲ್ಲ. ಆ ರಾತ್ರಿ ನಾಲ್ಕು ಬೆರಳನ್ನು ಎರಡು ಸಲ ಅಳೆದೆ.

ಮಕ್ಕಳೇ, ನಿಮಗೆ ಈ ಚಿಕ್ಕಮ್ಮ ಹಳೆಯ ಕಾಲದವಳಂತೆ ಕಾಣಬಹುದು. ಇದೆಲ್ಲ ಅಷ್ಟೇನೂ ಹಿಂದಿನದಲ್ಲ. ನಿಮ್ಮ ಅಮ್ಮ, ಅಂದರೆ ನನ್ನ ಅಕ್ಕ, ಅಂದು ಗರಿ ಎಳೆದ ಕೈಯಲ್ಲೇ ಈಗ ತಿಪಟೂರಿನ ನಿಮ್ಮ ಮನೆಯ ಕೆಳಗಿನಿಂದ ಫೋನ್ ಮಾಡಿ ನಿಮ್ಮನ್ನು ಊಟಕ್ಕೆ ಕರೆಯುತ್ತಾಳೆ. ನಿಮಗೆ ಒಂದೊಂದು ಕೋಣೆ ಇದೆ, ಒಂದೊಂದು ಬಾಗಿಲಿದೆ. ಮುಚ್ಚಿದ ಬಾಗಿಲು ನನಗೂ ಇಷ್ಟ. ಆ ಬೆಂಕಿಪೊಟ್ಟಣದಲ್ಲಿ ನೆಮ್ಮದಿಯಾಗಿ ಒಂದು ಪುಸ್ತಕ ಓದಿದ ನೆನಪು ನನಗಿಲ್ಲ. ಆದರೆ ನಿಮ್ಮ ಬಾಗಿಲ ಹೊರಗೆ ನಿಂತಾಗ ನೀವು ಓದುತ್ತಿದ್ದೀರೋ, ಅಳುತ್ತಿದ್ದೀರೋ ನನಗೆ ತಿಳಿಯುವುದಿಲ್ಲ. ತಟ್ಟುವ ಮುಂಚೆ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಲ್ಲುತ್ತೇನೆ.

ಅಂದಿನ ಮಾರನೆಯ ಬೆಳಿಗ್ಗೆ ಎಚ್ಚರವಾದಾಗ, ಕಣ್ಣು ತೆರೆಯದೆ ನಾಲ್ಕು ಬೆರಳಿನಾಚೆಗೆ ಕೈ ಚಾಚಿದೆ. ಚಾಪೆ ಇರಲಿಲ್ಲ. ಬರಿ ನೆಲ ತಣ್ಣಗಿತ್ತು. ಉಸಿರಿಗಿಂತ ಸ್ವಲ್ಪವೇ ಜೋರಾಗಿ "ಅಜ್ಜೀ" ಎಂದೆ.

"ಎದ್ದ್ಯಾ?" ಒಲೆಯ ಮುಂದಿನಿಂದ ದನಿ ಬಂತು.

ಎದ್ದು ಮುಖ ತೊಳೆದುಕೊಂಡೆ. ಅಕ್ಕನಿಗೆ ಏಣಿ ಹಿಡಿದುಕೊಳ್ಳಲು ಹೇಳಿ, ಅಜ್ಜಿಯ ಜಾಗಕ್ಕೆಂದು ಇಳಿಸಿದ್ದ ಕಾಯಿಗಳನ್ನು ಒಂದೊಂದಾಗಿ ಎದೆಗೆ ಅವಚಿಕೊಂಡು ಹತ್ತಿ, ಸದ್ದಾಗದಂತೆ ಅಟ್ಟದ ಮೇಲೆ ಇಟ್ಟು ಬಂದೆ.