ಬೇಲಿ ಬೋಳಾದ ಚಳಿಗಾಲ

ನಮ್ಮ ದೊಡ್ಡಮ್ಮ ಬಟ್ಟೆ ಹೊಲಿಯುವವಳು. ಕೊರಳಲ್ಲಿ ಸದಾ ಅಳತೆ ಟೇಪು ನೇತಾಡುತ್ತಿದ್ದುದರಿಂದ ಬೀದಿಯವರೆಲ್ಲ ‘ಟೇಪಮ್ಮ’ ಎನ್ನುತ್ತಿದ್ದರು. ಚಳಿಗಾಲದಲ್ಲಿ ಎಲೆ ಉದುರಿದ ಮೇಲೆ ಯಾರೂ ಹಿತ್ತಲ ಕಡೆ ತಲೆ ಹಾಕುತ್ತಿರಲಿಲ್ಲ. ಅವಳು ಮಾತ್ರ ಕಾಫಿ ಲೋಟ ಹಿಡಿದು ಮಹಡಿಯ ಕಿಟಕಿಯಲ್ಲಿ ನಿಲ್ಲುತ್ತಿದ್ದಳು.

“ತೋಟ ನೋಡಬೇಕಾದ್ದು ಈಗಲೇ ಕಣೇ,” ಎನ್ನುತ್ತಿದ್ದಳು ನನಗೆ. “ಬಟ್ಟೆ ತಿರುಗಿಸಿ ಒಳಗಿನ ಹೊಲಿಗೆ ನೋಡಿದ ಹಾಗೆ. ಹೂವು ಬಂತೋ, ಎಲ್ಲ ಮುಚ್ಚಿಹೋಗುತ್ತೆ.”

ಆಮೇಲೆ ಕೆಳಗಿಳಿದು ಸುಣ್ಣದ ಪುಡಿಯಲ್ಲಿ ಪಾತಿಗಳ ಗೆರೆ ಎಳೆಯುವಳು, ಕಾಲಲ್ಲಿ ಅಳಿಸುವಳು, ಮತ್ತೆ ಎಳೆಯುವಳು.

“ನನ್ನ ಅಂಗಿಗೆ ಒಂದು ಗುಂಡಿ ಹಾಕೋಕೆ ಪುರುಸೊತ್ತಿಲ್ಲ, ಮಣ್ಣಿಗೆ ದಿನಾ ಅಳತೆ!” ಎಂದು ದೊಡ್ಡಪ್ಪ ಗೊಣಗುತ್ತಿದ್ದರು.

ಎಷ್ಟು ಅಳೆದರೂ ಅವಳಿಗೆ ಸಮಾಧಾನವಿರಲಿಲ್ಲ. ಹಿತ್ತಲಿನ ಇಟ್ಟಿಗೆ ದಾರಿ ಚೆಂದವಾಗಿ ಬಾಗಿ ಹೋಗಿ ಬೇಲಿಗೆ ತಲೆ ಚಚ್ಚಿಕೊಂಡು ನಿಲ್ಲುತ್ತಿತ್ತು. ಬೇಲಿಯಾಚೆ ಚಿಕ್ಕಮ್ಮನ ಮನೆ. ಇಬ್ಬರ ಅತ್ತೆ ತೀರಿಕೊಂಡು ಜಾಗ ಪಾಲಾದಾಗ ಓರಗಿತ್ತಿಯರಲ್ಲಿ ಮಾತಿಗೆ ಮಾತು ಬೆಳೆದು, ನಡುವೆ ಬೇಲಿ ಎದ್ದು, ಮಾತೇ ನಿಂತುಹೋಗಿತ್ತು. ದಾರಿಯ ಆಚೆ ತುದಿಯನ್ನು ಚಿಕ್ಕಮ್ಮ ಎಂದೋ ಕಿತ್ತೆಸೆದಿರಬೇಕು ಎಂದೇ ದೊಡ್ಡಮ್ಮ ನಂಬಿದ್ದಳು.

ಒಂದು ವರ್ಷ ಚಳಿ ವಿಪರೀತವಾಗಿ, ಎತ್ತರಕ್ಕೆ ಬೆಳೆದು ದಟ್ಟವಾಗಿದ್ದ ಬೇಲಿಯೂ ಬರೀ ಕಡ್ಡಿಯಾಯಿತು. ಕಿಟಕಿಯಿಂದ ಇಣುಕಿದ ದೊಡ್ಡಮ್ಮ ನನ್ನ ರಟ್ಟೆ ಹಿಡಿದಳು. ದಾರಿ ಬೇಲಿ ದಾಟಿ, ಆ ಕಡೆಯ ದಾಳಿಂಬೆ ಗಿಡ ಸುತ್ತಿಕೊಂಡು, ತಿರುಗಿ ನಮ್ಮ ಕಡೆಗೇ ಬರುತ್ತಿತ್ತು. ಒಂದು ಇಟ್ಟಿಗೆಯೂ ಕದಲಿರಲಿಲ್ಲ. ಗುಡಿಸಿ ಚೊಕ್ಕಟವಾಗಿಟ್ಟಿದ್ದರು.

“ಅಯ್ಯೋ, ಇಷ್ಟು ವರ್ಷ ಅರ್ಧ ಅಂಗಿಗೆ ತೋಳು ಕೂರಿಸೋಕೆ ಒದ್ದಾಡ್ತಿದ್ದೆನಲ್ಲೇ!”

ಕೆಳಗಿಳಿದು ಬೇಲಿಯ ಬಳಿ ಹೋದಳು. ಆಚೆ ಚಿಕ್ಕಮ್ಮ ಬಟ್ಟೆ ಒಣಹಾಕುತ್ತಿದ್ದಳು.

“ಇಟ್ಟಿಗೆ ಕಿತ್ತಿಲ್ವಾ ನೀನು?” ದೊಡ್ಡಮ್ಮನ ದನಿ ಜಗಳದ ದನಿಯಂತೆಯೇ ಇತ್ತು.

ಚಿಕ್ಕಮ್ಮ ಒದ್ದೆ ಟವೆಲನ್ನು ಹೆಗಲಿಗೆ ಹಾಕಿಕೊಂಡು ನಿಂತಳು. “ಯಾಕೆ ಕೀಳ್ಲಿ? ನಾನು ಬಸುರಿ ಇದ್ದಾಗ ಜಾರಬಾರ್ದು ಅಂತ ಅತ್ತೆ ಹಾಕಿಸಿದ್ದು. ಕೈ ಹಿಡ್ಕೊಂಡು ಸುತ್ತು ಹಾಕಿಸ್ತಿದ್ದವಳು ನೀನೇ ಅಲ್ವಾ ಅಕ್ಕಾ?”

ದೊಡ್ಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, “ಎಂಥಾ ಚಳಿ,” ಎಂದಳಷ್ಟೆ.

ಆ ವಾರವೇ ದೊಡ್ಡಪ್ಪ, ಚಿಕ್ಕಪ್ಪ ಗರಗಸ ಹಿಡಿದು, ದಾರಿಗೆ ಅಡ್ಡವಿದ್ದಷ್ಟು ಬೇಲಿ ಕಡಿದರು. “ಕಟ್ಟಿಸಿದ್ದೂ ಇವರೇ, ಕೆಡವಿಸೋದೂ ಇವರೇ,” ಎಂದು ಇಬ್ಬರೂ ಪಿಸುಗುಟ್ಟಿ ನಕ್ಕರು.

ಬೇಸಿಗೆಗೆ ಹೂವೇನೋ ಧಾರಾಳವಾಗಿ ಬಂತು. ಯಾವ ಬಣ್ಣದ್ದೆಂದು ಈಗ ನನಗೆ ನೆನಪಿಲ್ಲ. ನೆನಪಿರುವುದು ಆ ಚಳಿಗಾಲದ ಬೆಳಗುಗಳು: ದೊಡ್ಡಮ್ಮ, ಚಿಕ್ಕಮ್ಮ ಒಂದೇ ಶಾಲು ಹೊದ್ದು ಎಳೆಬಿಸಿಲಲ್ಲಿ ಕೂತು, ಬರಿಮಣ್ಣಿನತ್ತ ಬೆರಳು ತೋರಿಸುತ್ತ, ಇನ್ನೂ ಹುಟ್ಟದ ಗಿಡಗಳಿಗಾಗಿ ಜಗಳವಾಡುತ್ತಿದ್ದುದು.