ಮಜ್ಜಿಗೆ ಡ್ರಮ್ಮಿನಲ್ಲಿ ಬಿಯರ್

ನನ್ನ ಗಂಡ ಬಿಯರ್ ಕುಡಿಯುವುದಿಲ್ಲ. ಒಂದು ಗುಟುಕು ಒಳಗೆ ಹೋದರೆ ಎರಡು ದಿನ ಎದೆಯುರಿ ಎನ್ನುತ್ತಾರೆ. ಪಾರ್ಟಿಗಳಲ್ಲಿ ಕೈಯಲ್ಲೊಂದು ನಿಂಬೆ ಸೋಡಾ ಹಿಡಿದು, ಯಾರು ಏನು ಹೇಳಿದರೂ ತಲೆಯಾಡಿಸುತ್ತ ನಿಂತಿರುತ್ತಾರೆ. ಹೀಗಿದ್ದೂ ಡಲ್ಲಾಸ್ ಸುತ್ತಮುತ್ತಲಿನ ಕನ್ನಡದವರಲ್ಲಿ, ಮನೆಯಲ್ಲೇ ಒಳ್ಳೆಯ ಬಿಯರ್ ಮಾಡುವವರು ಎಂದು ಕೆಲವು ವರ್ಷ ಹೆಸರಾಗಿದ್ದವರು ಅವರೇ. ಮಾಡುತ್ತಿದ್ದವಳು ನಾನು.

ಶುರುವಾದದ್ದು ಆಸ್ಟಿನ್‌ನಲ್ಲಿ. ಆಫೀಸಿನವರು ಟೀಮ್ ಔಟಿಂಗ್ ಎಂದು ನಮ್ಮನ್ನೆಲ್ಲ ಒಂದು ಸಣ್ಣ ಬಿಯರ್ ಕಾರ್ಖಾನೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ರಬ್ಬರ್ ಬೂಟು ಹಾಕಿಕೊಂಡ ಒಬ್ಬಳು ಹೆಂಗಸು ತೊಟ್ಟಿ ತೊಳೆಯುತ್ತಲೇ ಎಲ್ಲವನ್ನೂ ವಿವರಿಸಿದಳು. ಮಾಲ್ಟನ್ನು, ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಬಿಸಿನೀರಿನಲ್ಲಿ ನೆನೆಸಿ ಸೋಸಬೇಕು, ಹಾಪ್ಸ್ ಎನ್ನುವ ಕಹಿ ಹೂವು ಹಾಕಿ ಕುದಿಸಬೇಕು, ಆರಿದ ಮೇಲೆ ಯೀಸ್ಟ್ ಹಾಕಿ ಮುಚ್ಚಿಡಬೇಕು, ಅಷ್ಟೇ. ಇದು ದೋಸೆ ಹಿಟ್ಟಿಗಿಂತ ಕಷ್ಟವೇನಲ್ಲ ಅನ್ನಿಸಿತು. ದೋಸೆ ಹಿಟ್ಟಿಗೆ ರುಬ್ಬುವ ಕೆಲಸ ಬೇರೆ ಇದೆ. ಬರುವಾಗ ಐದು ಗ್ಯಾಲನ್ನಿನ ಒಂದು ಕಿಟ್ ಕೊಂಡುಕೊಂಡು ಡಲ್ಲಾಸ್ ಪಕ್ಕದ ಕಾಪೆಲ್‌ನ ನಮ್ಮ ಮನೆಗೆ ತಂದೆ.

ಐದು ಗ್ಯಾಲನ್, ಎಂದರೆ ಸುಮಾರು ಹತ್ತೊಂಬತ್ತು ಲೀಟರ್, ಎನ್ನುವುದು ಅಡುಗೆಮನೆಗೆ ಒಗ್ಗುವ ಅಳತೆ. ಬಿಸಿಬೇಳೆಬಾತಿನ ದೊಡ್ಡ ಪಾತ್ರೆಯಲ್ಲಿ ಕುದಿಯುತ್ತದೆ. ಸಿಂಕಿಗೆ ಐಸ್ ಸುರಿದು ಪಾತ್ರೆಯನ್ನು ಕೂರಿಸಿದರೆ ಆರುತ್ತದೆ. ಆಮೇಲೆ ಬಕೆಟ್ಟಿಗೆ ಹಾಕಿ ಮುಚ್ಚಿದರೆ ಗೆಸ್ಟ್ ಬಾತ್‌ರೂಮಿನಲ್ಲಿ ಗುಳುಗುಳು ಎನ್ನುತ್ತ ತನ್ನ ಪಾಡಿಗೆ ತಾನು ಇರುತ್ತದೆ. ಮೊದಲನೆಯದು ಸುಮಾರಾಗಿತ್ತು, ಎರಡನೆಯದು ಚೆನ್ನಾಗಿತ್ತು, ಆಮೇಲಿನವು ನಿಜಕ್ಕೂ ಚೆನ್ನಾಗಿದ್ದವು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಬೇರೆಯವರು ಹೇಳಿದ್ದೆಲ್ಲ ನನ್ನ ಗಂಡನಿಗೆ.

ಹಾಗೆ ಮೊದಲು ಹೇಳಿದ್ದು ಹ್ಯೂಸ್ಟನ್‌ನಲ್ಲಿ, ಇವರ ಕಾಲೇಜು ಗೆಳೆಯರ ಮನೆಯಲ್ಲಿ. ನಮ್ಮವರ ಪಾರ್ಟಿಗಳಲ್ಲಿ ಗಂಡಸರು ಗ್ಯಾರೇಜಿನಲ್ಲಿ, ಹೆಂಗಸರು ಅಡುಗೆಮನೆಯ ಸುತ್ತ. ಯಾರೂ ಹೀಗೆ ನಿಲ್ಲಿ ಎಂದು ಹೇಳುವುದಿಲ್ಲ, ಆದರೂ ಎಲ್ಲರೂ ಸರಿಯಾಗಿ ನಿಲ್ಲುತ್ತಾರೆ. ನಾನು ಚಕ್ಕುಲಿ ತಟ್ಟೆ ಹಿಡಿದು ಗ್ಯಾರೇಜಿಗೆ ಹೋದಾಗ ಮನೆಯ ಯಜಮಾನರು ನನ್ನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

“ಸಖತ್ತಾಗಿದೆ ಕಣೋ. ಯಾವ ಯೀಸ್ಟ್ ಹಾಕ್ತೀಯಾ?” ಎಂದು ನನ್ನ ಗಂಡನನ್ನು ಕೇಳಿದರು.

ಇವರು ಸೋಡಾ ನೋಡಿದರು, ನನ್ನನ್ನು ನೋಡಿದರು. ಯೀಸ್ಟ್ ಯಾವುದೆಂದು ನಾನೇ ಹೇಳಿದೆ. ಯಜಮಾನರು ನನಗೆ ಥ್ಯಾಂಕ್ಸ್ ಹೇಳಿ, ಒಂದು ಚಕ್ಕುಲಿ ತೆಗೆದುಕೊಂಡು, “ಎಷ್ಟು ದಿನ ಇಡ್ತೀಯಾ?” ಎಂದು ಮತ್ತೆ ಇವರನ್ನೇ ಕೇಳಿದರು.

ವಾಪಸ್ ಬರುವಾಗ ಕಾರಿನಲ್ಲಿ ಕೇಳಿದೆ.

“ನಾನು ಮಾಡಿದ್ದು ಅಂತ ಹೇಳೋಕೆ ನಿಮಗೇನು ಕಷ್ಟ?”

“ಹೇಳಿದ್ರೆ ಅವನಿಗೆ ಮುಜುಗರ ಆಗತ್ತೆ ಕಣೇ. ನಿನ್ನನ್ನೂ ಒಂಥರಾ ನೋಡ್ತಾರೆ.”

“ನೋಡ್ಲಿ.”

ಇವರು ಕ್ರೂಸ್ ಕಂಟ್ರೋಲ್ ಒತ್ತಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಸ್ವಭಾವ ಅವರದು. ಈ ವಿಷಯದಲ್ಲಿ ಹಾವು ಯಾವುದು, ಕೋಲು ಯಾವುದು ಎಂದು ಮಾತ್ರ ಅವರು ಯಾವತ್ತೂ ಬಿಡಿಸಿ ಹೇಳಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು. ಹುಳಿ ಮಾಡಿದರೆ ನನ್ನ ಹೆಸರು, ಹೋಳಿಗೆ ಮಾಡಿದರೆ ನನ್ನ ಹೆಸರು, ನಾನು ಬೇಡವೆಂದರೂ ಬಿಡುವುದಿಲ್ಲ. ನನಗೆ ಬೇಕಾಗಿದ್ದ ಒಂದೇ ಒಂದು ಹೆಸರು ಸೋಡಾ ಕುಡಿಯುವವರಿಗೆ ಹೋಗುತ್ತಿತ್ತು.

ಡಲ್ಲಾಸ್‌ನ ಪಾರ್ಟಿಗಳಲ್ಲೂ ಕೆಲವು ವರ್ಷ ಹೀಗೇ ನಡೆಯಿತು. ಒಂದು ಬೇಸಿಗೆಯಲ್ಲಿ, ಹತ್ತಿರದ ಮರ್ಫಿ ಎಂಬ ಊರಿನ ಆಂಟಿಯೊಬ್ಬರ ಹಿತ್ತಲಿನಲ್ಲಿ ನಮ್ಮ ಕನ್ನಡದವರ ಗುಂಪಿನ ವರ್ಷದ ಊಟ ಇತ್ತು. ಅರವತ್ತು ಎಪ್ಪತ್ತು ಜನ ಸೇರುವಂಥದ್ದು. ಅಷ್ಟೂ ಜನಕ್ಕೆ ಹೇಳಿಯೇ ಬಿಯರ್ ಮಾಡಿಬಿಟ್ಟರೆ, ಮಾಡಿದವರು ಯಾರೆಂದು ಯಾರೂ ಗೊಂದಲ ಮಾಡಿಕೊಳ್ಳಲು ಸಾಧ್ಯವಿಲ್ಲ ಎಂದು ನನ್ನ ಎಣಿಕೆ. ವಾಟ್ಸಾಪ್ ಗ್ರೂಪಿನಲ್ಲಿ, “ಈ ಸಲದ ಬಿಯರ್ ನಾನೇ ಮಾಡುತ್ತಿದ್ದೇನೆ” ಎಂದು ಹಾಕಿದೆ. ಬೇಕಾದಷ್ಟು ಹೆಬ್ಬೆರಳುಗಳು ಬಂದವು. ಒಬ್ಬರು, “ವಾವ್, ಸಾರ್‌ಗೆ ಥ್ಯಾಂಕ್ಸ್ ಹೇಳಿ” ಎಂದು ಬರೆದಿದ್ದರು.

ಇಪ್ಪತ್ತು ಗ್ಯಾಲನ್ ಮಾಡಬೇಕೆಂದುಕೊಂಡೆ. ಐದನ್ನು ನಾಲ್ಕರಿಂದ ಗುಣಿಸಿದರಾಯಿತು ಎಂದುಕೊಂಡದ್ದು ನಾನು ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವವಳಾದ್ದರಿಂದ. ಗುಣಾಕಾರ ಮಾಲ್ಟಿಗೆ ಒಪ್ಪುತ್ತದೆ, ಮನೆಗೆ ಒಪ್ಪುವುದಿಲ್ಲ. ಅಡುಗೆಮನೆಯ ಒಲೆಯ ಮೇಲೆ ಅಷ್ಟು ನೀರು ಬೆಚ್ಚಗಾಯಿತೇ ಹೊರತು ಕುದಿಯಲಿಲ್ಲ. ಟರ್ಕಿ ಕೋಳಿ ಕರಿಯುವ ಗ್ಯಾಸ್ ಬರ್ನರನ್ನು ಪಕ್ಕದ ಮನೆಯ ಅಮೆರಿಕನ್ನರಿಂದ ಕೇಳಿ ತಂದು ಡ್ರೈವ್‌ವೇನಲ್ಲಿ ಇಟ್ಟೆ. ನಮ್ಮ ಮನೆಯಲ್ಲಿ ಮೊಟ್ಟೆಯೂ ಬೇಯಿಸುವುದಿಲ್ಲವಾದ್ದರಿಂದ, ಆ ಬರ್ನರಿಗೆ ಮೊದಲು ಸ್ನಾನ ಮಾಡಿಸಿದೆ. ನೆನೆದ ಮಾಲ್ಟನ್ನು ಸೋಸಲು ಯಾವ ಜರಡಿಯೂ ಸಾಲದೆ ಇವರ ಒಂದು ಹೊಸ ಪಂಚೆಯಲ್ಲಿ ಕಟ್ಟಿದೆ. ಇಬ್ಬರೂ ಒಂದೊಂದು ತುದಿ ಹಿಡಿದು ಹಿಂಡಿದೆವು. ಪಂಚೆಯ ಬಣ್ಣ ಮತ್ತೆ ಬಿಳಿಯಾಗಲಿಲ್ಲ.

ಆರಿಸುವುದು ಇನ್ನೊಂದು ಕಥೆ. ಟೆಕ್ಸಸ್ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿಯಲ್ಲಿ ಬರುವುದು ಸ್ನಾನಕ್ಕೆ ಹದವಾದ ನೀರು. ಮಕ್ಕಳ ಪ್ಲಾಸ್ಟಿಕ್ ಈಜುಕೊಳದಲ್ಲಿ ಐಸ್ ತುಂಬಿಸಿ ಪಾತ್ರೆಗಳನ್ನು ಕೂರಿಸಿದೆವು. ಹಾಪ್ಸನ್ನೂ ಕಡಿಮೆ ಹಾಕಿದ್ದೆ, ನಮ್ಮವರಿಗೆ ಕಹಿ ಆಗದು ಎಂದು. ಕಹಿಯೇ ಬಿಯರನ್ನು ಕೆಡದಂತೆ ಕಾಯುವುದು ಎನ್ನುವುದು ನನಗೆ ಓದಿ ಗೊತ್ತಿತ್ತು, ಆದರೆ ಓದಿದ್ದನ್ನೆಲ್ಲ ಯಾರು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ.

ಉಳಿದದ್ದು, ಇಷ್ಟನ್ನು ಹುದುಗಲು ಯಾವುದರಲ್ಲಿ ಇಡುವುದು ಎನ್ನುವುದು. ಮರ್ಫಿಯ ಆಂಟಿಯ ಗ್ಯಾರೇಜಿನಲ್ಲಿ ಗುಂಪಿನ ಸ್ಟೀಲ್ ಡ್ರಮ್ ಇತ್ತು. ಕೆಳಗೆ ನಲ್ಲಿ, ಮೇಲೆ ಗಟ್ಟಿ ಮುಚ್ಚಳ. ಪ್ರತಿ ರಾಮನವಮಿಗೆ ಅದರಲ್ಲಿ ನೀರುಮಜ್ಜಿಗೆ ಹಂಚುತ್ತಿದ್ದರು. ಬೇರೆ ದಿನ ಅದು ಖಾಲಿ ಕೂತಿರುತ್ತಿತ್ತು. ಆಂಟಿ ಯಾಕೆ ಎಂದು ಕೇಳಿದರು, ಹೇಳಿದೆ. “ವಾಪಸ್ ಕೊಡೋವಾಗ ಹುಣಸೆಹಣ್ಣು ಹಾಕಿ ಉಜ್ಜಿ ಕೊಡಮ್ಮ” ಎಂದರು.

ನಾನು ತಂದ ದಿನವೇ ಉಜ್ಜಿದೆ. ಸೋಪು, ಬಿಸಿನೀರು, ಕ್ರಿಮಿ ಕೊಲ್ಲುವ ದ್ರಾವಣ, ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ನಲ್ಲಿಯನ್ನು ಮಾತ್ರ ಬಿಚ್ಚಲಿಲ್ಲ. ನಲ್ಲಿಯನ್ನು ಬಿಚ್ಚುವುದು ಎಂಬ ಯೋಚನೆ ನನಗೆ ಬರಲೇ ಇಲ್ಲ, ನಲ್ಲಿ ಎಂದರೆ ತಿರುಗಿಸುವುದು. ಮುಂದೆ ಎಲ್ಲ ಮುಗಿದ ಮೇಲೆ ಬಿಚ್ಚಿದಾಗ ವಾಷರಿನ ಹಿಂದೆ ಮೊಸರಿನ ಒಂದು ಪದರ, ಅದಕ್ಕಂಟಿದ ಒಂದು ಸಾಸಿವೆ ಕಾಳು, ಅರ್ಧ ಕರಿಬೇವಿನ ಎಲೆ ಇದ್ದವು. ಎಷ್ಟು ರಾಮನವಮಿಗಳಿಂದ ಇದ್ದವೋ ರಾಮನಿಗೇ ಗೊತ್ತು.

ಹುದುಗಿದ ಮೇಲೆ ಬಿಯರನ್ನು ಆ ನಲ್ಲಿಯಿಂದಲೇ ನಾಲ್ಕು ಕೆಗ್‌ಗಳಿಗೆ, ಎಂದರೆ ಗ್ಯಾಸ್ ತುಂಬುವ ಸ್ಟೀಲ್ ಕ್ಯಾನುಗಳಿಗೆ ಇಳಿಸಿದೆ. ರುಚಿ ನೋಡಿದೆ. ಎಲ್ಲೋ ಒಂದು ಎಳೆ ಹುಳಿ ಇದ್ದಂತಿತ್ತು. ಎಳೆಯ ಬಿಯರ್ ಹಾಗೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಐದು ಗ್ಯಾಲನ್ ಆಗಿದ್ದರೆ ಫ್ರಿಜ್ಜಿಗೆ ಹೋಗಿಬಿಡುತ್ತಿತ್ತು. ನಾಲ್ಕು ಕೆಗ್ ಹಿಡಿಯುವ ಫ್ರಿಜ್ಜು ನಮ್ಮಲ್ಲಿರಲಿಲ್ಲ, ಹಾಗಾಗಿ ಊಟದ ದಿನದವರೆಗೆ ಅವು ಗ್ಯಾರೇಜಿನಲ್ಲೇ ಬೆವರುತ್ತ ಕೂತವು. ಆ ಒಂದು ಎಳೆಗೂ ಬೆಳೆಯಲು ಪುರಸೊತ್ತು ಸಿಕ್ಕಿತು.

ಊಟದ ದಿನ ಬೆಳಿಗ್ಗೆ ಐಸಿನಲ್ಲಿ ಹೂತು, ಮರ್ಫಿಯ ಹಿತ್ತಲಿನ ಮರದ ಕೆಳಗೆ ಸಾಲಾಗಿ ಇಟ್ಟೆ. ಮೊದಲ ಲೋಟಗಳನ್ನು ನಾನೇ ಹಿಡಿದು ಕೊಟ್ಟೆ. ಜನ ಕುಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನೂ ಒಂದು ಗುಟುಕು ಕುಡಿದೆ, ಆಮೇಲೆ ಯಾರ ಮುಖವನ್ನೂ ನೋಡಲಿಲ್ಲ.

“ಏನ್ ಸಾರ್, ಈ ಸಲ ಸ್ವಲ್ಪ ಹುಳಿ ಹೊಡೀತಿದೆಯಲ್ಲಾ?” ಎಂದು ಫ್ಲವರ್ ಮೌಂಡ್‌ನಿಂದ ಬಂದಿದ್ದ ಅಂಕಲ್ ಒಬ್ಬರು ಕೇಳಿದರು. ಕೇಳಿದ್ದು ನನ್ನ ಗಂಡನನ್ನು.

ಡ್ರಮ್ಮಿನ ಆಂಟಿ ಜನ್ಮದಲ್ಲಿ ಬಿಯರ್ ಮುಟ್ಟಿದವರಲ್ಲ. ಲೋಟವನ್ನು ದೂರದಿಂದಲೇ ಮೂಸಿದರು. “ಇಂಗಿನ ವಾಸನೆ ಬರ್ತಿದೆ ಕಣ್ರೀ. ಇದು ನಮ್ಮ ಮಜ್ಜಿಗೇದೇ” ಎಂದರು. ಅವರ ದನಿಯಲ್ಲಿ ದೂರಿರಲಿಲ್ಲ, ಗುರುತು ಸಿಕ್ಕ ಸಮಾಧಾನವಿತ್ತು.

ಆಗ ಹಿಂದಿನಿಂದ ಯಾರೋ, “ಈ ಸಲ ಮೇಡಂ ಮಾಡಿದ್ದಂತೆ. ಗ್ರೂಪಲ್ಲಿ ಹಾಕಿದ್ರಲ್ಲ” ಎಂದರು.

“ಓ, ಅದಕ್ಕೇನಾ” ಎಂದರು ಅಂಕಲ್.

ನನ್ನ ಮೆಸೇಜನ್ನು ಓದಿದವರು ಇದ್ದರು ಎಂದು ಗೊತ್ತಾದದ್ದು ಆಗಲೇ. ಅಷ್ಟು ವರ್ಷದ ಒಳ್ಳೆಯ ಬಿಯರ್ ಸಾರ್‌ದು, ಕೆಟ್ಟ ಒಂದು ಮೇಡಂದು. ನನಗೆ ಅಳು ಬರುವ ಹಾಗಿತ್ತು. ನಲವತ್ತು ದಾಟಿದವಳಿಗೆ ಬಿಯರಿಗಾಗಿ ಅಳು ಬಂದರೆ ಯಾರಿಗೆ ತೋರಿಸುವುದು.

ಇವರು ಸೋಡಾ ಕೆಳಗಿಟ್ಟರು. “ಇಲ್ಲ ಇಲ್ಲ. ಈ ಸಲಾನೂ ಮಾಡಿದ್ದು ನಾನೇ. ಅವಳು ಸುಮ್ನೆ ಗ್ರೂಪಲ್ಲಿ ಹಾಕಿದ್ಲು. ಡ್ರಮ್ ನಾನೇ ತೊಳೆದಿದ್ದು, ಸರಿಯಾಗಿ ತೊಳೀಲಿಲ್ಲ” ಎಂದರು.

ನನ್ನ ಬಿಯರಿನ ಬಗ್ಗೆ ಅವರು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಆಡಿದ ಮೊದಲ ಮಾತು ಅದು. ನನ್ನ ಮಾನ ಉಳಿಸಲೆಂದೇ ಆಡಿದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. ಆ ಗಳಿಗೆಯಲ್ಲಿ ಅವರ ಮೇಲೆ ಬಂದಷ್ಟು ಪ್ರೀತಿ ಮದುವೆಯಾದ ಹೊಸತರಲ್ಲೂ ಬಂದಿರಲಿಲ್ಲ. ಬಂದಷ್ಟು ಸಿಟ್ಟೂ ಬಂದಿರಲಿಲ್ಲ. ಒಳ್ಳೆಯದೆಲ್ಲ ಆಗಲೇ ಅವರ ಕಡೆ ಹೋಗಿತ್ತು, ಈಗ ಉಳಿದಿದ್ದ ಕೆಟ್ಟದ್ದನ್ನೂ ತೆಗೆದುಕೊಂಡು ಹೊರಟಿದ್ದರು.

“ರೀ, ನೀವು ಸುಮ್ನಿರಿ” ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. “ಇದು ನಾನು ಮಾಡಿದ್ದು. ಇಷ್ಟು ವರ್ಷ ನೀವೆಲ್ಲ ಕುಡಿದದ್ದೂ ನಾನೇ ಮಾಡಿದ್ದು. ಇವರಿಗೆ ಯೀಸ್ಟ್ ಅಂದ್ರೆ ಏನು ಅಂತಾನೂ ಗೊತ್ತಿಲ್ಲ. ಚೆನ್ನಾಗಿದ್ದದ್ದೂ ನಂದು, ಹುಳಿಯಾಗಿರೋದೂ ನಂದೇ.”

ಅಂಕಲ್ ತಮ್ಮ ಲೋಟವನ್ನು ನೋಡಿಕೊಂಡು, ಇಳಿಸಲೋ ಬೇಡವೋ ಎಂದು ಯೋಚಿಸಿ, ಉಳಿದದ್ದನ್ನು ಕುಡಿದುಬಿಟ್ಟರು. ಪಾಪ, ಕುಡಿಯಲೇಬೇಕಾಗಿರಲಿಲ್ಲ. ಆಂಟಿ ಎಲ್ಲರನ್ನೂ ಊಟಕ್ಕೆ ಏಳಿಸಿದರು.

ಜನ ಎಲೆಗಳ ಕಡೆ ಹೋದ ಮೇಲೆ ನಾನು ಕೆಗ್‌ಗಳ ಹತ್ತಿರ ಹೋದೆ. ಗ್ಯಾಸ್ ಬಿಟ್ಟು ಮೊದಲನೆಯದರ ಮುಚ್ಚಳ ತೆಗೆದು, ಬೇಲಿಯ ಪಕ್ಕದ ಹುಲ್ಲಿನ ಮೇಲೆ ಓರೆ ಮಾಡಲು ನೋಡಿದೆ. ಹೆಚ್ಚುಕಡಿಮೆ ತುಂಬಿಯೇ ಇದ್ದ ಕೆಗ್ ಅಲ್ಲಾಡಲಿಲ್ಲ. ಇವರು ಹಿಂದೆಯೇ ಬಂದಿದ್ದರು.

“ನೀನು ಊಟಕ್ಕೆ ಹೋಗು. ನಾನು ಚೆಲ್ಲಿ ಬರ್ತೀನಿ” ಎಂದರು.

“ಬೇಡ. ನೀವು ತಳ ಎತ್ತಿ ಹಿಡೀರಿ. ಚೆಲ್ಲೋದು ನಾನೇ.”

ಅವರು ಶರ್ಟಿನ ತೋಳು ಮಡಚಿ, ಬಗ್ಗಿ, ತಳ ಎತ್ತಿ ಹಿಡಿದರು.